ಇಲ್ಲ, ಅಲ್ಲ, ಬೇಡ

ಬಾಗಿಲು ಇನ್ನೇನು ಮುಚ್ಚಬೇಕು... ಅಷ್ಟರಲ್ಲಿ ಹೊರಗಿನಿಂದ ಒಂದು ಕೈ ಅಡ್ಡ ಬಂತು.

ಇಂಗ್ಲಿಷ್ ಮೇಡಂ ಬೆಚ್ಚಿಬಿದ್ದಳು. ಒಂದು ಕ್ಷಣ ತಡವಾಗಿದ್ದರೆ ಆ ಬೆರಳುಗಳು ಸಂದಿಗೆ ಸಿಕ್ಕಿ ಅಪ್ಪಚ್ಚಿಯಾಗುತ್ತಿದ್ದವು!

"ಏನ್ರೀ ಇದು..." ಎಂದು ಶುರುಮಾಡಿದವಳು ನಾಲಿಗೆ ಕಚ್ಚಿಕೊಂಡಳು. ಅವಳು ನಿಂತದ್ದು ತರಗತಿಯ ಒಳಗೆ. ಒಳಗೆ ಕಾಲಿಟ್ಟ ಮೇಲೆ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ ಎಂದು ನಿಯಮ ಮಾಡಿದವಳೂ ಅವಳೇ, ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದವಳೂ ಅವಳೇ.

"ಯು ಆರ್ ಲೇಟ್," ಎಂದಳು ಬಿಗಿಯಾಗಿ.

ಹೊರಗೆ ನಿಂತಿದ್ದವನು ಎತ್ತರದ ಆಳು. ಅಂಗಿಯ ತೋಳು ಮೊಣಕೈವರೆಗೆ ಮಡಚಿತ್ತು. ಕೈಯಲ್ಲಿ ಅಯೋಡಿನ್ನಿನ ಕಂದು ಕಲೆ, ಕೂದಲಲ್ಲಿ ಒಂದೆರಡು ಎಳೆ ಒಣಹುಲ್ಲು. ಓಡಿ ಬಂದು ಏದುಸಿರು ಬಿಡುತ್ತಿದ್ದ. ಮುಖದಲ್ಲಿ ಮಾತ್ರ ಲಾಟರಿ ಹೊಡೆದವನ ಖುಷಿ!

"ಸಾರಿ ಮೇಡಂ. ಡೆಲಿವರಿ... ಟ್ವಿನ್ಸ್."

ಒಳಗಿದ್ದವರೆಲ್ಲ ಕತ್ತು ಉದ್ದ ಮಾಡಿದರು. ವಿಶ್ವವಿದ್ಯಾಲಯದ ಸಿಬ್ಬಂದಿಗೆಂದೇ ನಡೆಯುವ ಸಂಜೆ ತರಗತಿ ಅದು. ಇಂಗ್ಲಿಷ್ ಓದಲು ಬರುತ್ತದೆ, ಬರೆಯಲೂ ಬರುತ್ತದೆ, ಮಾತಾಡು ಎಂದರೆ ಮಾತ್ರ ಬೆವರು ಕಿತ್ತುಬರುತ್ತದೆ... ಅಂಥವರೇ ಅಲ್ಲಿ ಸೇರುತ್ತಿದ್ದರು.

"ಫುಲ್ ಸೆಂಟೆನ್ಸ್ ಪ್ಲೀಸ್," ಎಂದಳು ಅವಳು. ಪೂರ್ತಿ ವಾಕ್ಯ ಹೇಳಿ! ಅದು ಅವಳ ದಿನನಿತ್ಯದ ಜಪ. ಒಂದೊಂದೇ ಪದ ಉದುರಿಸಿ ಪಾರಾಗಲು ಅವಳು ಯಾರನ್ನೂ ಬಿಟ್ಟವಳಲ್ಲ.

ಅವನು ಉಗುಳು ನುಂಗಿಕೊಂಡ. ಎದೆಯುಬ್ಬಿಸಿ ನಿಂತ.

"ಐ ಡೆಲಿವರ್ಡ್ ಟ್ವಿನ್ಸ್, ಮೇಡಂ!"

ತರಗತಿ ಘೊಳ್ಳೆಂದಿತು. ಮುಂದಿನ ಸಾಲಿನಲ್ಲಿದ್ದ ಹಾಸ್ಟೆಲ್ ವಾರ್ಡನಮ್ಮ ಕರ್ಚೀಫು ಬಾಯಿಗೆ ಅಡ್ಡ ಹಿಡಿದುಕೊಂಡು, "ಹೂ ಈಸ್ ಮದರ್?" ಎಂದು ಕೇಳಿಯೇಬಿಟ್ಟರು.

"ಗೋಟ್," ಎಂದ ಅವನು ಗಂಭೀರವಾಗಿ. "ಮದರ್ ಈಸ್ ಫೈನ್."

ಮೇಡಂ ಥಟ್ಟನೆ ಬೋರ್ಡಿನ ಕಡೆ ತಿರುಗಿದಳು. ನಗು ಮುಚ್ಚಿಕೊಳ್ಳಲು ಬೇರೆ ದಾರಿ ಇರಲಿಲ್ಲ. ಅದೆಷ್ಟು ಕಾಲವಾಗಿತ್ತೋ ಅವಳು ಹಾಗೆ ನಕ್ಕು! ಸುಮ್ಮನೆ ಏನೋ ಬರೆದಳು, ಅಳಿಸಿದಳು, ಮತ್ತೆ ಅದನ್ನೇ ಬರೆದಳು.

ತರಗತಿ ಮುಗಿದು ಎಲ್ಲರೂ ಹೋದ ಮೇಲೆ ಅವನು ಹೊಸ್ತಿಲಾಚೆ ಕಾಯುತ್ತಿದ್ದ.

"ಮೇಡಂ, ಇಲ್ಲಿ ನಮ್ಮ ಭಾಷೆ ಮಾತಾಡಬಹುದಾ?"

"ಮಾತಾಡಿ. ಹೊಸ್ತಿಲ ಆಚೆ ನನ್ನ ಕಾನೂನು ನಡೆಯಲ್ಲ."

"ಸದ್ಯ! ಒಳಗೆ ಕೂತಷ್ಟು ಹೊತ್ತೂ ನಾಲಿಗೆಗೆ ಬ್ಯಾಂಡೇಜು ಸುತ್ತಿದ ಹಾಗಿತ್ತು."

"ನೀವು ಪಶುವೈದ್ಯರಂತೆ. ಇಂಗ್ಲಿಷ್ ಪುಸ್ತಕ ಓದಿಯೇ ಪಾಸಾಗಿರ್ತೀರಲ್ಲ, ಮಾತಾಡೋಕೆ ಏನು ಕಷ್ಟ?"

"ಓದಿದ್ರೆ ಎಲ್ಲಾ ಅರ್ಥ ಆಗುತ್ತೆ ಮೇಡಂ, ಬಾಯಿಗೆ ಬರಲ್ಲ. ನನ್ನ ಪೇಷೆಂಟುಗಳಲ್ಲಿ ಒಬ್ಬರಾದ್ರೂ ಇಂಗ್ಲಿಷ್ ಮಾತಾಡ್ತಾರಾ ಹೇಳಿ? ಮ್ಯಾ ಅಂತಾರೆ, ಅಂಬಾ ಅಂತಾರೆ, ಸಿಟ್ಟು ಬಂದ್ರೆ ಒದೀತಾರೆ. ಅಷ್ಟೇ ನಮ್ಮ ಸಂಭಾಷಣೆ."

ಈ ಸಲ ಅವಳು ಮುಖ ತಿರುಗಿಸಿಕೊಳ್ಳದೆ ನಕ್ಕಳು. "ಮತ್ತೆ ಈಗ್ಯಾಕೆ ಈ ಹಟ?"

ಅವನ ದನಿ ಬದಲಾಯಿತು. ಸಮುದ್ರದ ನಡುವೆ ಒಂದು ದ್ವೀಪವಂತೆ. ಅಲ್ಲಿ ಕಾಡುಮೇಕೆಗಳ ಸಂಶೋಧನಾ ಕೇಂದ್ರವಂತೆ. ಎಲ್ಲೆಲ್ಲಿಂದಲೋ ಬಂದವರು ಸೇರಿ ಕೆಲಸ ಮಾಡುವ ಜಾಗ, ಇಂಗ್ಲಿಷ್ ಬಿಟ್ಟರೆ ಗತಿಯಿಲ್ಲ. ಎರಡು ವರ್ಷದ ಕೆಲಸ. ಓದುವಾಗಿನಿಂದ ಕಂಡ ಕನಸು ಅವನದು.

"ಎರಡು ಸಲ ಸಂದರ್ಶನಕ್ಕೆ ಹೋಗಿದ್ದೆ. ಎರಡು ಸಲವೂ ಬಾಯಿಗೆ ಬೀಗ ಬಿತ್ತು. ಉತ್ತರ ಎಲ್ಲಾ ಗೊತ್ತು ಮೇಡಂ... ಗಂಟಲಲ್ಲೇ ನಿಂತುಬಿಡುತ್ತೆ. ಈ ಸಲ ನೀವೇ ದಾರಿ ತೋರಿಸ್ಬೇಕು."

"ಪಾಸ್ ಮಾಡಿಸೋ ಜವಾಬ್ದಾರಿ ನಂದು," ಎಂದಳು ಅವಳು, ಒಂದಿಷ್ಟೂ ಯೋಚಿಸದೆ.

ಅಯ್ಯೋ ಹುಚ್ಚು ಹುಡುಗಿ! ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಳ್ಳುತ್ತಿದ್ದೇನೆ ಎಂದು ಆಗ ಅವಳಿಗೆ ಹೇಗೆ ಗೊತ್ತಾಗಬೇಕು?

ದಿನಗಳು ಉರುಳಿದವು. ಹೊಸ್ತಿಲ ಒಳಗೆ ಅವನು ಮೂರು ವರ್ಷದ ಮಗು. "ಯೆಗ್ಸಾಮ್ ಅಲ್ಲ ಡಾಕ್ಟ್ರೇ, ಎಗ್ಸಾಮ್," ಎಂದು ಅವಳು ಇಂಗ್ಲಿಷಿನಲ್ಲೇ ತಿದ್ದಬೇಕು. "ಐ ಆಮ್ ಹ್ಯಾವಿಂಗ್ ಎ ಡೌಟ್" ಎಂದು ಎದ್ದು ನಿಂತರೆ ಅದನ್ನೂ ತಿದ್ದಬೇಕು. ತಿದ್ದಿಸಿಕೊಂಡು ಅವನು ಶಾಲೆ ಹುಡುಗನ ಹಾಗೆ ಕಿವಿ ಹಿಡಿದುಕೊಳ್ಳುತ್ತಿದ್ದ.

ಹೊಸ್ತಿಲ ಹೊರಗೆ ಬಂದರೆ ಅವನೇ ಬೇರೆ! ಔಷಧಿ ಕುಡಿಯಲೊಲ್ಲದ ಕುದುರೆಯ ಕಥೆ, ಒಡೆಯನಿಗಿಂತ ಹೆಚ್ಚು ನಾಟಕ ಆಡುವ ನಾಯಿಯ ಕಥೆ... ಮಾತಿನ ಮಲ್ಲ. ಕಾರಿಡಾರಿನ ಕಿಟಕಿಗೆ ಒರಗಿ ಅವಳು ಕೇಳುತ್ತಾ ನಿಂತರೆ ಕಾವಲುಗಾರ ಬಂದು ಬೀಗದ ಕೈ ಅಲ್ಲಾಡಿಸುವವರೆಗೂ ಹೊತ್ತಿನ ಪರಿವೆ ಇರುತ್ತಿರಲಿಲ್ಲ.

'ಇವರು ಇಂಗ್ಲಿಷ್ ಬೇಗ ಕಲಿಯದಿದ್ದರೇ ಒಳ್ಳೆಯದು...' ಎಂದು ಒಂದು ದಿನ ಮನಸ್ಸು ಪಿಸುಗುಟ್ಟಿತು. ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು.

ಮನೆಯಲ್ಲಿ ಅವಳೂ, ಅವಳ ಅಕ್ಕನೂ, ಅಕ್ಕನ ಮುದಿ ಬೆಕ್ಕೂ. ಅಕ್ಕ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಊರವರ ಕಣ್ಣು ಪರೀಕ್ಷೆ ಮಾಡಿ ಮಾಡಿ ಅವಳ ಕಣ್ಣು ಹದ್ದಿನ ಕಣ್ಣಾಗಿತ್ತು.

"ಏನೇ ಪುಟ್ಟಿ, ಇತ್ತೀಚೆಗೆ ಪಾತ್ರೆ ತೊಳೆಯುವಾಗ ಹಾಡ್ತೀಯ!"

"ಇಲ್ವಲ್ಲ!"

"ನಿನ್ನೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಯಾರೇ ಅವನು?"

"ಅಕ್ಕಾ, ಸುಮ್ನಿರು..."

"ಊರವರ ತಪ್ಪೆಲ್ಲಾ ತಿದ್ತೀಯ. ನಿನ್ನ ಮನಸ್ಸಲ್ಲಿರೋದನ್ನ ಹೇಳು ಅಂದ್ರೆ ಮಾತ್ರ ಬಾಯಲ್ಲಿ ಕಡುಬು ತುರುಕಿಕೊಂಡ ಹಾಗೆ ಕೂರ್ತೀಯ."

ಅದೇ ವಾರ ಬೆಕ್ಕು ಅನ್ನ ನೀರು ಬಿಟ್ಟು ಮಂಚದ ಕೆಳಗೆ ಸೇರಿಕೊಂಡಿತು. ಬೆಕ್ಕಿನ ನೆಪ ಸಿಕ್ಕಿತು ನೋಡಿ! ಅಂಜುತ್ತಲೇ ಅವಳು ಅವನನ್ನು ಮನೆಗೆ ಕರೆದಳು.

ಅವನು ಬಂದು, ನೆಲದ ಮೇಲೆ ಅಂಗಾತ ಮಲಗಿ, ಮಂಚದ ಕೆಳಗೆ ತಲೆ ತೂರಿಸಿ, ಬೆಕ್ಕಿನ ಜೊತೆ ಅದೇನೋ ಗುಸುಗುಸು ಮಾತಾಡಿದ. ಯಾರ ಕೈಗೂ ಸಿಗದ ಮುದುಕಿ ತಾನಾಗಿಯೇ ಹೊರಗೆ ಬಂದು ಅವನ ಎದೆಯ ಮೇಲೆ ಕೂತಿತು!

"ಹಲ್ಲು ನೋವು ಅಕ್ಕಾ. ಒಂದು ಹಲ್ಲು ಕೀಳ್ಬೇಕು. ಒಂದು ವಾರ ಮೆತ್ತಗಿರೋದು ತಿನ್ನಿಸಿ, ಸರಿಹೋಗುತ್ತೆ."

"ಪುಣ್ಯ ಬರುತ್ತೆ ಡಾಕ್ಟ್ರೇ. ಹಾಗೇ ನಮ್ಮ ಪುಟ್ಟಿಗೂ ಒಂದು ಕಾಯಿಲೆ ಇದೆ. ಮನಸ್ಸಲ್ಲಿರೋದು ಬಾಯಿಗೆ ಬರಲ್ಲ. ಅದಕ್ಕೇನಾದ್ರೂ ಔಷಧಿ ಉಂಟಾ?"

"ಅಕ್ಕಾ!" ಎಂದಳು ಅವಳು, ಮುಖ ಕೆಂಪಾಗಿ.

ಅವನು ಬೆಕ್ಕಿನ ತಲೆ ಸವರುತ್ತಾ, ತಲೆಯೆತ್ತದೆ ಹೇಳಿದ. "ಆ ಕಾಯಿಲೆ ನನಗೂ ಇದೆ ಅಕ್ಕಾ..."

ಅವಳ ಎದೆ ಎಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತೆಂದರೆ, ಬೆಕ್ಕಿಗೂ ಕೇಳಿಸುತ್ತಿದೆಯೇನೋ ಎಂದು ಭಯವಾಯಿತು. ಅಕ್ಕ ಜಾಣೆ, ಟೀ ಮಾಡುವ ನೆಪದಲ್ಲಿ ಒಳಗೆ ಹೋದಳು. ಹೋಗಿ ಏನು ಪ್ರಯೋಜನ? ಇಬ್ಬರೂ ಬೆಕ್ಕನ್ನೇ ನೋಡುತ್ತಾ ಕೂತರು!

ಅಷ್ಟರಲ್ಲಿ ಸಂದರ್ಶನದ ದಿನ ಹತ್ತಿರ ಬಂತು. ನಿರೀಕ್ಷೆಗಿಂತ ಬಹಳ ಬೇಗ ಬಂತು. ಪಾಠಗಳು ಇನ್ನೂ ಬಾಕಿ ಇದ್ದವು. ಅವಳು ಪುಸ್ತಕದ ಹಾಳೆ ಮಗುಚುತ್ತಾ, "ನೆಗೆಟಿವ್ ಪ್ರಶ್ನೆಗಳ ಪಾಠ ಆಮೇಲೆ ನೋಡೋಣ, ಮೊದಲು ಸಂದರ್ಶನದ ಪ್ರಶ್ನೆಗಳು," ಎಂದು ಇಂಗ್ಲಿಷಿನಲ್ಲಿ ಹೇಳಿ ಆ ಪಾಠವನ್ನು ದಾಟಿಸಿಬಿಟ್ಟಳು.

ಅವನಿಗಾಗಿ ಅವಳು ಜೀವ ತೇಯ್ದಳು. ಅವನು ತಡವರಿಸಿದ ಕಡೆ ಮತ್ತೆ ಮತ್ತೆ ಹೇಳಿಸಿದಳು. ಅವನ ನಾಲಿಗೆ ದಿನದಿಂದ ದಿನಕ್ಕೆ ಸಡಿಲವಾದಂತೆಲ್ಲ ಅವಳು ಉಳಿದ ದಿನಗಳನ್ನು ಎಣಿಸುತ್ತಿದ್ದಳು. 'ನಾನು ಚೆನ್ನಾಗಿ ಕಲಿಸಿದಷ್ಟೂ ಇವರು ದೂರ ಹೋಗ್ತಾರೆ... ಕಲಿಸದೇ ಇರೋದಕ್ಕೂ ಆಗಲ್ಲವಲ್ಲ!'

ಅವನು ಪಾಸಾದ.

ವಾರ್ಡನಮ್ಮ ಚಪ್ಪಾಳೆ ತಟ್ಟಿದರು, ತರಗತಿಯೆಲ್ಲ ಕೇಕೆ ಹಾಕಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಅವಳೇ. ಆಮೇಲೆ ಕೈ ತೊಳೆಯುವ ನೆಪದಲ್ಲಿ ಹೋಗಿ ಕಣ್ಣು ತೊಳೆದುಕೊಂಡು ಬಂದಳು.

ಕೊನೆಯ ತರಗತಿಯ ಸಂಜೆ ಎಲ್ಲರೂ ಹೊರಟರು. ಅವಳು ಬೋರ್ಡು ಒರೆಸುತ್ತಿದ್ದಳು. ಅವನು ಹೊಸ್ತಿಲಾಚೆ ನಿಂತಿರುತ್ತಾನೆ ಎಂದುಕೊಂಡು ತಿರುಗಿದರೆ... ಅವನು ಒಳಗೇ ನಿಂತಿದ್ದ! ಮೊದಲ ಸಾಲಿನ ಡೆಸ್ಕಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದ. ಸಂದರ್ಶನಕ್ಕೆ ಹೋಗುವಾಗಲೂ ಅವನ ಮುಖ ಅಷ್ಟು ಬಿಳುಚಿರಲಿಲ್ಲ.

"ಮೇಡಂ... ಐ ವಾಂಟ್ ಟು ಆಸ್ಕ್ ಒನ್ ಕ್ವೆಶ್ಚನ್."

ಹೊರಗೆ ಹೋಗಿ ಸಲೀಸಾಗಿ ಕೇಳಬಹುದಿತ್ತು. ಆದರೆ ಅವಳ ಕೋಣೆಯಲ್ಲಿ, ಅವಳ ನಿಯಮದಂತೆ, ಅವಳು ಕಲಿಸಿದ ಭಾಷೆಯಲ್ಲೇ ಕೇಳಬೇಕೆಂಬ ಹಟ ಅವನದು. ಬಾಯಿಪಾಠ ಮಾಡಿಕೊಂಡು ಬಂದಿದ್ದನೆಂದು ಅವಳಿಗೆ ಗೊತ್ತಾಯಿತು.

"ಯೆಸ್?"

"ಯು... ಡೋಂಟ್ ವಾಂಟ್ ಮಿ ಟು ಗೋ?"

ಅವಳ ಕೈಯಿಂದ ಡಸ್ಟರು ಜಾರಿತು. ಎಷ್ಟು ದಿನದಿಂದ ಕಾದಿದ್ದಳು ಈ ಪ್ರಶ್ನೆಗೆ! ಹೇಳಬೇಕಾದದ್ದು ಸಾವಿರ ಇತ್ತು. ಹೋಗಬೇಡಿ, ನೀವಿಲ್ಲದೆ ಈ ಕಾರಿಡಾರ್ ಹೇಗೆ ದಾಟಲಿ, ನನ್ನ ಜೀವ ನಿಮ್ಮ ಮಾತಿಗೆ ಅಂಟಿಕೊಂಡುಬಿಟ್ಟಿದೆ... ಎಲ್ಲವೂ ಗಂಟಲವರೆಗೆ ನುಗ್ಗಿ ಬಂದವು. ಬಾಯಿಂದ ಹೊರಬಿದ್ದದ್ದು ಒಂದೇ ಒಂದು ಪದ.

"ನೋ."

ಹೇಳಿಬಿಟ್ಟೆ! ಹೋಗುವುದು ಬೇಡ ಎಂದು ಹೇಳಿಯೇಬಿಟ್ಟೆ! ಅವಳು ಕಣ್ಣು ಮುಚ್ಚಿಕೊಂಡಳು. ಅವನು ಈಗ ಹತ್ತಿರ ಬರುತ್ತಾನೆ, ಈಗ ಏನಾದರೂ ಹೇಳುತ್ತಾನೆ...

ಕಣ್ಣು ತೆರೆದಾಗ ಅವನು ನಗಲು ಪ್ರಯತ್ನಿಸುತ್ತಿದ್ದ. ಆಗುತ್ತಿರಲಿಲ್ಲ.

"ಓಕೆ ಮೇಡಂ," ಎಂದ ಮೆಲ್ಲಗೆ. "ಥ್ಯಾಂಕ್ ಯು ಫಾರ್ ಎವೆರಿಥಿಂಗ್."

ಪೂರ್ತಿ ವಾಕ್ಯ. ಒಂದೂ ತಪ್ಪಿಲ್ಲ. ಬಗ್ಗಿ ಡಸ್ಟರು ಎತ್ತಿ ಮೇಜಿನ ಮೇಲಿಟ್ಟು, ಹೊಸ್ತಿಲು ದಾಟಿ ಹೋಗಿಯೇಬಿಟ್ಟ.

ಅವಳು ನಿಂತಲ್ಲೇ ನಿಂತಳು.

'ಮತ್ತೆ ಕೇಳಿದ್ದಾದರೂ ಯಾಕೆ? ಹೋಗಬೇಡಿ ಅಂತ ನನ್ನ ಬಾಯಿ ಬಿಡಿಸಿ, ಥ್ಯಾಂಕ್ಸ್ ಹೇಳಿ ಹೋಗೋದಕ್ಕಾ? ಅಷ್ಟು ಹಗುರಾಗಿ ಹೋದೆನಾ ನಾನು?'

ಅವಮಾನದಿಂದ ಮೈಯೆಲ್ಲ ಉರಿಯಿತು. ಆ ಉರಿ ಆರಿದ ಮೇಲೆ ಉಳಿದದ್ದು ನೋವು. ಅದು ಮಾತ್ರ ಆರಲಿಲ್ಲ.

ಅವನು ದ್ವೀಪಕ್ಕೆ ಹೋದ. ಅವಳು ತರಗತಿಗೆ ಹೋದಳು. ಸಂಜೆ ಮುಗಿಸಿ ಹೊಸ್ತಿಲು ದಾಟುವಾಗ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಕಾರಿಡಾರಿನ ಕಿಟಕಿಯ ಹತ್ತಿರ ಯಾರೂ ಇರುತ್ತಿರಲಿಲ್ಲ. ಇಲ್ಲವೆಂದು ಗೊತ್ತಿದ್ದೂ ನೋಡುತ್ತಿದ್ದಳು. ಯಾರಾದರೂ ಅಯೋಡಿನ್ ಬಾಟಲಿ ತೆರೆದರೆ ಸಾಕು, ಆ ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿತ್ತು. "ನಾನೇ ಕಲಿಸಿದ ಭಾಷೆಯಲ್ಲಿ ಈಗ ಯಾರ ಹತ್ತಿರ ಮಾತಾಡ್ತಿದ್ದಾರೋ..." ಎಂದು ಬೋರ್ಡಿಗೆ ಹೇಳಿಕೊಳ್ಳುತ್ತಿದ್ದಳು. ಬೋರ್ಡು ಏನು ಹೇಳೀತು, ಪಾಪ!

ಅವಳಾಗಿ ಫೋನು ಮಾಡಲಿಲ್ಲ. ಅವನೂ ಮಾಡಲಿಲ್ಲ. ಆದರೆ ಅಕ್ಕನ ಫೋನಿಗೆ ಆಗಾಗ ಒಂದು ಸಂದೇಶ ಬರುತ್ತಿತ್ತು.

"ಪುಟ್ಟಿ, ದನದ ಡಾಕ್ಟ್ರು ಕೇಳಿದ್ದಾರೆ."

ಕೈಯಲ್ಲಿದ್ದ ಲೋಟ ಅಲ್ಲೇ ನಿಲ್ಲುತ್ತಿತ್ತು. "ಏನಂತೆ?"

"ಬೆಕ್ಕಿನ ಹಲ್ಲು ಹೇಗಿದೆ ಅಂತ."

"ಅಷ್ಟೇನಾ?"

"ಅಷ್ಟೇ ಕಣೆ. ಬೆಕ್ಕು ಅನ್ನ ತಿಂತಿದೆಯಾ, ಖುಷಿಯಾಗಿದೆಯಾ, ಒಂಟಿಯಾಗಿ ಕೂರಲ್ಲ ತಾನೇ ಅಂತ."

"ಬೆಕ್ಕಿನ ಭಾಗ್ಯವೇ ಭಾಗ್ಯ," ಎಂದು ಅವಳು ಸಿಡುಕಿ ಎದ್ದು ಹೋಗುತ್ತಿದ್ದಳು. ಅಕ್ಕ ಅವಳ ಬೆನ್ನನ್ನೇ ನೋಡುತ್ತಿದ್ದಳು. ಅಕ್ಕ ಎಷ್ಟು ಕೇಳಿದರೂ ಆ ಸಂಜೆಯ ವಿಷಯ ಮಾತ್ರ ಅವಳು ಬಾಯಿಬಿಡಲಿಲ್ಲ.

ಹೊಸ ಅವಧಿ ಶುರುವಾಗಿ ತಿಂಗಳುಗಳು ಕಳೆದವು. ವಾರ್ಡನಮ್ಮ ಈ ಸಲವೂ ಮುಂದಿನ ಸಾಲಿನಲ್ಲೇ ಇದ್ದರು. "ಫೇಲಾಗಿದ್ದಲ್ಲ ಮೇಡಂ, ನಿಮ್ಮ ಮೇಲಿನ ಪ್ರೀತಿಗೆ ಬಂದೆ," ಎಂದು ಹೊಸ್ತಿಲಾಚೆ ನಿಂತು ಸಬೂಬು ಹೇಳಿದ್ದರು. ರಜೆಗೆ ಮುಂಚಿನ ಕೊನೆಯ ವಾರ ನೆಗೆಟಿವ್ ಪ್ರಶ್ನೆಗಳ ಪಾಠ ಬಂತು. ಈ ಸಲ ದಾಟಿಸಲು ಕಾರಣವಿರಲಿಲ್ಲ.

ಅವಳು ಉದಾಹರಣೆಗೆಂದು ವಾರ್ಡನಮ್ಮನನ್ನು ಕೇಳಿದಳು. "ಯು ಡೋಂಟ್ ವಾಂಟ್ ಟೀ?"

"ನೋ!" ಎಂದರು ವಾರ್ಡನಮ್ಮ ಉತ್ಸಾಹದಿಂದ.

"ಗುಡ್. ಶಿ ಡಸ್ ನಾಟ್ ವಾಂಟ್ ಟೀ," ಎಂದು ಬೋರ್ಡಿನ ಮೇಲೆ ಬರೆದಳು.

"ಅಯ್ಯಯ್ಯೋ, ಬೇಕು ಮೇಡಂ!" ವಾರ್ಡನಮ್ಮನಿಗೆ ಗಾಬರಿಯಲ್ಲಿ ನಿಯಮವೇ ಮರೆತುಹೋಯಿತು. "ತಲೆನೋವಿಗೆ ಒಂದು ಟೀ ಸಿಕ್ಕಿದ್ರೆ ಸಾಕು ಅಂತ ಆಗಿನಿಂದ ಕೂತಿದ್ದೀನಿ, ನೀವು ಬೇಡ ಅಂತ ಬರೆದುಬಿಟ್ರಲ್ಲ!"

"ಮತ್ತೆ... ನೋ ಅಂದ್ರಲ್ಲ?" ಅವಳಿಗೂ ಇಂಗ್ಲಿಷ್ ಮರೆಯಿತು.

"ಹೌದು ಮತ್ತೆ! 'ನಿಮಗೆ ಟೀ ಬೇಡ, ಅಲ್ವಾ?' ಅಂತ ತಾನೇ ಕೇಳಿದ್ದು? 'ಅಲ್ಲ' ಅಂದೆ. ಬೇಕು ಅಂತ ಅರ್ಥ. ನಮ್ಮಲ್ಲಿ ಇಲ್ಲ ಬೇರೆ, ಅಲ್ಲ ಬೇರೆ, ಬೇಡ ಬೇರೆ. ನಿಮ್ಮ ಇಂಗ್ಲಿಷಿನವರು ಎಲ್ಲದಕ್ಕೂ ಒಂದೇ 'ನೋ' ಇಟ್ಟುಕೊಂಡ್ರೆ ನಾನೇನು ಮಾಡ್ಲಿ? ನನ್ನ ನೋ 'ಅಲ್ಲ' ಅನ್ನೋ ನೋ!"

ತರಗತಿ ನಗುತ್ತಿತ್ತು. ಅವಳ ಕೈ ಬೋರ್ಡಿನ ಮೇಲೇ ನಿಂತುಹೋಯಿತು.

ಯು ಡೋಂಟ್ ವಾಂಟ್ ಮಿ ಟು ಗೋ?

ಅವನು ಮನಸ್ಸಿನಲ್ಲಿ ಕೇಳಿದ್ದು ನಮ್ಮ ಭಾಷೆಯಲ್ಲಿ. 'ನಾನು ಹೋಗೋದು ನಿಮಗೆ ಬೇಡ, ಅಲ್ವಾ?' ಅವಳು ಹೇಳಿದ್ದು 'ಬೇಡ'. ಅವನ ಕಿವಿಗೆ ಬಿದ್ದದ್ದು...

'ಅಲ್ಲ'. ಹಾಗೇನಿಲ್ಲ. ನೀವು ಹೋದರೆ ನನಗೇನೂ ಇಲ್ಲ.

"ದೇವರೇ!" ಎಂದಳು ಗಟ್ಟಿಯಾಗಿ.

ಅವನು ಬಾಯಿ ಬಿಡಿಸಿ ಅವಮಾನ ಮಾಡಿ ಹೋದದ್ದಲ್ಲ. ಪ್ರಾಣ ಒತ್ತೆಯಿಟ್ಟು ಕೇಳಿ, ಬೇಡವಾದವನಾಗಿ ಹೋದದ್ದು! ಅವಳು ಬಿಟ್ಟುಬಿಟ್ಟ ಪಾಠದಿಂದ. ಊರಿಗೆಲ್ಲ ಪೂರ್ತಿ ವಾಕ್ಯ ಹೇಳಿ ಎನ್ನುವ ಅವಳು ಹೇಳಿದ ಒಂದೇ ಒಂದು ಪದದಿಂದ.

"ಮೇಡಂ, ಹುಷಾರಿಲ್ವಾ?"

"ಕ್ಲಾಸ್ ಮುಗೀತು. ಎಲ್ಲರೂ ಹೋಗಿ ಟೀ ಕುಡೀರಿ," ಎಂದಳು. ತರಗತಿಯ ಒಳಗೆ ನಿಂತು, ಅಚ್ಚ ತಾಯ್ನುಡಿಯಲ್ಲಿ! ವಾರ್ಡನಮ್ಮ ಬಾಗಿಲಿಗೆ ಅಂಟಿಸಿದ್ದ ನಿಯಮವನ್ನೂ ಅವಳ ಮುಖವನ್ನೂ ತಿರುತಿರುಗಿ ನೋಡಿದರು.

ಓಡುತ್ತಲೇ ಮನೆಗೆ ಬಂದಳು. ಅಕ್ಕನ ಮಡಿಲಲ್ಲಿ ಮುಖವಿಟ್ಟು, ಬಿಕ್ಕುತ್ತಾ, ಮೊದಲ ಸಲ ಎಲ್ಲವನ್ನೂ ಹೇಳಿದಳು.

ಅಕ್ಕ ಹಣೆ ಚಚ್ಚಿಕೊಂಡಳು. "ಒಬ್ಬಳು ಇಂಗ್ಲಿಷಿಗೇ ಮೇಡಂ, ಒಬ್ಬ ಡಾಕ್ಟ್ರು. ಎರಡಕ್ಷರದ ಮಾತಿಗೆ ಇಷ್ಟು ದೊಡ್ಡ ಅವಾಂತರ! ಹೊಸ್ತಿಲು ದಾಟಿ ನಮ್ಮ ಭಾಷೇಲಿ ಕೇಳಿದ್ರೆ ಗಂಟು ಹೋಗ್ತಿತ್ತಾ?"

"ಫೋನ್ ಮಾಡಿದೆ ಅಕ್ಕಾ, ಸಿಗ್ತಿಲ್ಲ... ಅಲ್ಲಿ ಸಿಗ್ನಲ್ ಸರಿಯಾಗಿ ಇರಲ್ವಂತೆ."

"ಸಿಗದೇ ಇದ್ದದ್ದೇ ಒಳ್ಳೇದಾಯ್ತು. ಎದುರೆದುರು ನಿಂತೇ ಇಷ್ಟು ಎಡವಟ್ಟು ಮಾಡಿದವರು, ಫೋನಿನ ಕೊರಕೊರ ಸದ್ದಲ್ಲಿ ಇನ್ನೇನು ಮಾಡ್ತೀರೋ! ರಜೆ ಇದೆಯಲ್ಲ, ಹೋಗು."

"ಇಷ್ಟು ದಿನದ ಮೇಲೆ... ಅವರ ಮನಸ್ಸು ಬದಲಾಗಿದ್ರೆ?"

"ಲೇ ಪುಟ್ಟಿ!" ಅಕ್ಕ ಅವಳ ಗಲ್ಲ ಹಿಡಿದೆತ್ತಿದಳು. "ಒಬ್ಬ ಗಂಡಸು ಸಮುದ್ರದಾಚೆಯಿಂದ ಇಷ್ಟು ತಿಂಗಳು ಬೆಕ್ಕು ಖುಷಿಯಾಗಿದೆಯಾ, ಒಂಟಿಯಾಗಿ ಕೂರಲ್ಲ ತಾನೇ ಅಂತ ಕೇಳಿದ್ದಾನೆ. ಅದು ಯಾವ ಬೆಕ್ಕು ಅಂತ ನಿನಗಿನ್ನೂ ಗೊತ್ತಾಗಿಲ್ವಾ?"

ಅವಳು ಅಳುತ್ತಲೇ ನಕ್ಕಳು.

ದ್ವೀಪಕ್ಕೆ ಸಾಮಾನು ಸಾಗಿಸುವ ಲಾಂಚಿನಲ್ಲಿ ಔಷಧಿ ಪೆಟ್ಟಿಗೆಗಳ ನಡುವೆ ಕೂತು ಅವಳು ಹೋದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದಳು. ಲಾಂಚು ಸಾಮಾನು ಇಳಿಸಿದ ಕೂಡಲೇ ವಾಪಸ್ಸು ಹೊರಡುತ್ತದೆ, ಮತ್ತೆ ಬರುವುದು ವಾರದ ಮೇಲೆ ಎಂದು ಚಾಲಕ ಮೊದಲೇ ಎಚ್ಚರಿಸಿದ್ದ.

ದ್ವೀಪದ ದಡದಲ್ಲಿ, ಲಾಂಚು ನಿಲ್ಲುವ ಕಟ್ಟೆಯ ಮೇಲೆ ಅವನು ನಿಂತಿದ್ದ. ಬಿಸಿಲಿಗೆ ಕಪ್ಪಾಗಿದ್ದ, ಇಳಿದುಹೋಗಿದ್ದ. ಪಕ್ಕದ ಸಹೋದ್ಯೋಗಿಯ ಜೊತೆ ಪೆಟ್ಟಿಗೆಗಳ ಲೆಕ್ಕ ಮಾತಾಡುತ್ತಿದ್ದ. ಇಂಗ್ಲಿಷಿನಲ್ಲಿ. ಪಟಪ‌ಟ, ನೀರು ಕುಡಿದಷ್ಟು ಸುಲಭವಾಗಿ! ಅವಳ ಎದೆ ಹೆಮ್ಮೆಯಿಂದ ತುಂಬಿತು, ಅದರ ಹಿಂದೆಯೇ ಸಂಕಟವೂ ಬಂತು.

ಅವನು ತಿರುಗಿದ. ಕೈಯಲ್ಲಿದ್ದ ಪೆಟ್ಟಿಗೆ ಅರ್ಧದಲ್ಲೇ ನಿಂತಿತು. ಪಟಪಟ ಇಂಗ್ಲಿಷ್ ಎಲ್ಲಿ ಹೋಯಿತೋ!

"ಮೇ... ಮೇಡಂ? ಬೆಕ್ಕು... ಬೆಕ್ಕು ಹುಷಾರಾಗಿದೆ ತಾನೇ?"

"ಬೆಕ್ಕು ಹುಷಾರಾಗಿದೆ. ನಾನೇ ಇಲ್ಲ."

ಸಹೋದ್ಯೋಗಿ ಮೆಲ್ಲನೆ ಅವನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು ದೂರ ಹೋದ.

"ಒಂದು ಪಾಠ ಬಿಟ್ಟುಹೋಗಿತ್ತು ಡಾಕ್ಟ್ರೇ. ಮುಗಿಸೋಣ ಅಂತ ಬಂದೆ," ಎಂದಳು. ಬಾಯಿಪಾಠ ಮಾಡಿದ್ದೆಲ್ಲ ಮರೆತೇಹೋಗಿತ್ತು. "ಕೊನೇ ದಿನ ನನ್ನನ್ನ ಒಂದು ಪ್ರಶ್ನೆ ಕೇಳಿದ್ರಲ್ಲ, ಅದನ್ನ ನಮ್ಮ ಭಾಷೇಲಿ ಹೇಳಿ."

"ಬಿಡಿ ಮೇಡಂ. ಅದೇನೋ ಬುದ್ಧಿಯಿಲ್ಲದೆ..."

"ಹೇಳಿ!"

ಅವನು ಸಮುದ್ರದ ಕಡೆ ನೋಡಿದ. "ನಾನು ಹೋಗೋದು ನಿಮಗೆ ಬೇಡ... ಅಲ್ವಾ? ಅಂತ."

"ನಾನು ನೋ ಅಂದೆ. ನಿಮಗೇನು ಕೇಳಿಸ್ತು?"

"ಅಲ್ಲ ಅಂತ. ಹಾಗೇನಿಲ್ಲ, ಹೋಗಿ ಅಂತ." ಅವನ ದನಿ ಒಡೆಯಿತು. "ಅದಕ್ಕೇ ಮತ್ತೆ ಕೇಳಿ ನಿಮಗೆ ಮುಜುಗರ ಮಾಡೋದು ಬೇಡ ಅಂತ..."

"ನಾನು ಹೇಳಿದ್ದು ಬೇಡ ಅಂತ! ಬೇಡ, ಹೋಗಬೇಡಿ ಅಂತ! ಅದು 'ಬೇಡ' ಅನ್ನೋ ನೋ ಕಣ್ರೀ..."

ಅವನು ಅವಳನ್ನೇ ನೋಡಿದ. ತುಟಿ ಸದ್ದಿಲ್ಲದೆ ಅಲ್ಲಾಡಿತು. ಆ ಪ್ರಶ್ನೆಯನ್ನೂ ಆ ಉತ್ತರವನ್ನೂ ಈಗ ಕಲಿತ ಇಂಗ್ಲಿಷಿನಲ್ಲಿ ಮತ್ತೆ ಜೋಡಿಸಿ ನೋಡುತ್ತಿದ್ದ. ಜೋಡಿಸಿ ಮುಗಿದದ್ದು ಅವನ ಮುಖದಲ್ಲೇ ಕಾಣಿಸಿತು. ಪಕ್ಕದ ಪೆಟ್ಟಿಗೆಯ ಮೇಲೆ ದೊಪ್ಪನೆ ಕೂತುಬಿಟ್ಟ.

"ಅಯ್ಯೋ ನನ್ನ ದಡ್ಡತನವೇ! ಇಲ್ಲಿನ ಮೇಕೆಗಳಿಗೆಲ್ಲ ನಿಮ್ಮ ಕಥೆ ಹೇಳಿಕೊಂಡು ಅತ್ತಿದ್ದೀನಿ ಮೇಡಂ."

"ಏನಂದ್ವು?"

"ಮ್ಯಾ ಅಂದ್ವು."

ಇಬ್ಬರೂ ನಕ್ಕರು. ನಗುತ್ತಾ ನಗುತ್ತಾ ಅವಳ ಕಣ್ಣು ತುಂಬಿ ಹರಿಯಿತು. ಅವನು ಎದ್ದು ಬಂದು, ಕೈಯನ್ನು ಅಂಗಿಗೆ ಒರೆಸಿಕೊಂಡು, ಅವಳ ಕೆನ್ನೆಯ ಮೇಲಿನ ನೀರನ್ನು ಒರೆಸಿದ. ಅದೇ ಅಯೋಡಿನ್ನಿನ ವಾಸನೆ. ಅವಳು ಆ ಕೈಯನ್ನು ಅಲ್ಲೇ ಹಿಡಿದುಕೊಂಡಳು.

"ಇಲ್ಲಿ ಇನ್ನೂ ಒಂದೂವರೆ ವರ್ಷದ ಕೆಲಸ ಇದೆ," ಎಂದ ಅವನು. "ಬಿಟ್ಟು ಬಂದುಬಿಡ್ಲಾ?"

"ಬಿಟ್ಟು ಬಂದ್ರೆ ನೋಡಿ ಮತ್ತೆ! ನಾನು ಅಷ್ಟು ಒದ್ದಾಡಿ ಪಾಸ್ ಮಾಡಿಸಿದ್ದು ಸುಮ್ನೇನಾ? ಕೆಲಸ ಮುಗಿಸಿ ಬನ್ನಿ. ರಜೆಗೆಲ್ಲ ನಾನೇ ಬರ್ತೀನಿ. ಕಾಯ್ತೀನಿ... ಇಷ್ಟು ದಿನ ಬರಲ್ಲ ಅಂದುಕೊಂಡೇ ಕಾದಿಲ್ವಾ?"

ಲಾಂಚು ಹಾರನ್ ಹಾಕಿತು. ಚಾಲಕ ಕೈಬೀಸಿ ಕೂಗಿದ. ಅವಳು ತಿರುಗಿಯೂ ನೋಡಲಿಲ್ಲ.

"ಮೇಡಂ... ಇನ್ನೊಂದು ಸಲ ಕೇಳ್ಲಾ?"

"ಕೇಳಿ. ಈ ಸಲ ಅಲ್ವಾ, ಇಲ್ವಾ, ಬೇಡ್ವಾ ಏನೂ ಹಾಕ್ಬೇಡಿ. ನೇರವಾಗಿ ಕೇಳಿ."

ಅವನು ಆ ಮೊದಲ ದಿನದ ಹಾಗೆ ಉಗುಳು ನುಂಗಿಕೊಂಡ. ಎದೆಯುಬ್ಬಿಸಿ ನಿಂತ.

"ನಾನು ನಿಮಗೆ ಬೇಕಾ?"

"ಬೇಕು."

ಅವನ ಕಣ್ಣು ತೇವವಾಗಿತ್ತು. ತುಟಿಯಲ್ಲಿ ಮಾತ್ರ ಹಳೆಯ ತುಂಟತನ. "ಫುಲ್ ಸೆಂಟೆನ್ಸ್ ಪ್ಲೀಸ್, ಮೇಡಂ."

ಅವಳು ನಾಚಿ ತಲೆ ತಗ್ಗಿಸಿದಳು. ಮತ್ತೆ ಎತ್ತಿದಳು.

"ನೀವು... ನನಗೆ ಬೇಕು."

"ಒಂದು ತಪ್ಪಿದೆ."

"ಎಲ್ಲಿ?" ಎಂದಳು ಗಾಬರಿಯಾಗಿ. ಅವಳ ವಾಕ್ಯದಲ್ಲಿ ತಪ್ಪು ಹುಡುಕಿದವರು ಇದುವರೆಗೆ ಯಾರೂ ಇರಲಿಲ್ಲ.

"ಮೊದಲನೇ ಪದ. 'ನೀವು' ಅಲ್ಲ."

ಅರ್ಥವಾಗಲು ಅವಳಿಗೆ ಒಂದು ಕ್ಷಣ ಹಿಡಿಯಿತು. ಲಾಂಚು ಹೊರಟುಹೋದ ಸದ್ದು ದೂರವಾಗುತ್ತಿತ್ತು. ಅವಳು ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, ತಿದ್ದಿ ಹೇಳಿದಳು.

"ನೀನು ನನಗೆ ಬೇಕು."